ಕಾಲುಚೀಲದೊಳಗಿನ ಗಂಟೆ

ಹೆಡ್ಲಿ ಬೂತ್‌ರಾಯ್ಡ್‌ನ ಕುತ್ತಿಗೆಗೆ ಅವನ ಹೆಂಡತಿಗಿಂತ ಹೆಚ್ಚು ಹೊತ್ತು ಜೋತುಬಿದ್ದವನು ನಾನು. ಇದನ್ನು ಅವಳ ಎದುರಿಗೇ ಹೇಳಿದ್ದೇನೆ. ಬೇಕಾದರೆ ನೀನೇ ಇಟ್ಟುಕೋ ಎಂದು ಅವಳೂ ಹೇಳಿದ್ದಾಳೆ. ರಗ್ಬಿ ಲೀಗ್ ಆಟದಲ್ಲಿ ಸ್ಕ್ರಮ್ ಎಂದರೆ ಎರಡು ತಂಡದ ಆರಾರು ದಾಂಡಿಗರು ತಲೆಗೆ ತಲೆ ಕೊಟ್ಟು ದೂಡುವುದು. ಮುಂದಿನ ಸಾಲಿನಲ್ಲಿ ಅತ್ತ ಒಬ್ಬ ಪ್ರಾಪ್, ಇತ್ತ ಒಬ್ಬ ಪ್ರಾಪ್. ಅವರ ಹೆಗಲಿಗೆ ನೇತುಬಿದ್ದು, ಕೆಳಗೆ ಉರುಳಿ ಬಂದ ಚೆಂಡನ್ನು ಕಾಲಿನಿಂದ ಹಿಂದಕ್ಕೆ ಎಳೆಯುವ ಗಿಡ್ಡ ನಾನು, ಸಿಡ್ ಕ್ರಾಶಾ. ಈ ಕೆಲಸಕ್ಕೆ ಮೈ ಚಿಕ್ಕದಿರಬೇಕು, ಬಾಯಿ ದೊಡ್ಡದಿರಬೇಕು. ನನಗೆ ದೇವರು ಎರಡನ್ನೂ ಧಾರಾಳವಾಗಿ ಕೊಟ್ಟಿದ್ದ.

ಹೆಡ್ಲಿಗೆ ಕೊಟ್ಟಿದ್ದು ಬೇರೆ. ಅವನು ಬಾಗಿಲಲ್ಲಿ ನಿಂತರೆ ಒಳಗೆ ದೀಪ ಹಚ್ಚಬೇಕಾಗುತ್ತಿತ್ತು. ನಮ್ಮ ಸ್ಕೆಲ್ಬಿಯಲ್ಲಿ ಗಣಿಯ ಸೂರು ಕುಸಿಯದಂತೆ ನಿಲ್ಲಿಸುವ ಮರದ ದಿಮ್ಮಿಗೂ ಪ್ರಾಪ್ ಎಂದೇ ಹೆಸರು. ಹೆಡ್ಲಿ ವಾರವೆಲ್ಲ ಗಣಿಯಲ್ಲಿ ಆ ದಿಮ್ಮಿಗಳನ್ನು ನಿಲ್ಲಿಸುತ್ತಿದ್ದ, ಭಾನುವಾರ ಮೈದಾನದಲ್ಲಿ ತಾನೇ ದಿಮ್ಮಿಯಾಗಿ ನಿಲ್ಲುತ್ತಿದ್ದ. ಕ್ಲಬ್ಬು ನಮಗೆಲ್ಲ ಸಂಬಳ ಕೊಡುತ್ತಿತ್ತು, ಕಾಗದದ ಮೇಲೆ ನಾವು ವೃತ್ತಿ ಆಟಗಾರರೇ. ಆದರೂ ಸೋಮವಾರ ಬೆಳಗ್ಗೆ ಅವನು ಗಣಿಗೆ, ನಾನು ದರ್ಜಿ ಅಂಗಡಿಗೆ ಹೋಗುವುದು ತಪ್ಪುತ್ತಿರಲಿಲ್ಲ.

ಹದಿನಾಲ್ಕು ಹಂಗಾಮು ಅವನು ಸ್ಕೆಲ್ಬಿಗೆ ಆಡಿದ. ಮೂಗು ಎಷ್ಟು ಸಲ ಮುರಿಯಿತೋ, ಕೊನೆಕೊನೆಗೆ ಅದನ್ನು ನೆಟ್ಟಗೆ ಮಾಡುವ ಗೋಜಿಗೆ ಡಾಕ್ಟರೂ ಹೋಗಲಿಲ್ಲ. ಸ್ಕ್ರಮ್‌ನಲ್ಲಿ ಉಜ್ಜಿ ಉಜ್ಜಿ ಕಿವಿ ಎರಡೂ ಊದಿ ಹೂಕೋಸಾದವು. ನಮ್ಮ ಯಾರ್ಕ್‌ಶೈರ್ ಕೌಂಟಿಯ ತಂಡಕ್ಕೆ ಆಡಿದ, ಕಪ್ಪಿನ ಸೆಮಿಫೈನಲ್ ಆಡಿದ. ದೊಡ್ಡ ಊರಿನ ಕ್ಲಬ್ಬಿನವರು ಕಾರಿನಲ್ಲಿ ಬಂದು ಕರೆದರೂ ಹೋಗಲಿಲ್ಲ. ಆ ಊರಿನಲ್ಲಿ ಮೀನು ಕರಿಯಲು ಎಣ್ಣೆ ಬಳಸುತ್ತಾರೆ, ಗೋವಿನ ಕೊಬ್ಬಲ್ಲ ಎಂಬುದು ಅವನು ಕೊಟ್ಟ ಕಾರಣ. ನಮ್ಮ ಊರಿನವರಿಗೆ ಅದು ಸಾಕಷ್ಟು ಗಟ್ಟಿ ಕಾರಣವೇ.

ಆದರೆ ಅವನ ಹೆಸರು ಊರೂರು ಮುಟ್ಟಿದ್ದು ಅವನು ಚೆಂಡು ಕೊಡುವ ರೀತಿಯಿಂದ. ನಮ್ಮ ಆಟದಲ್ಲಿ ಚೆಂಡನ್ನು ಕೈಯಿಂದ ಮುಂದಕ್ಕೆ ಎಸೆಯುವಂತಿಲ್ಲ, ಪಕ್ಕಕ್ಕೋ ಹಿಂದಕ್ಕೋ ಕೊಡಬೇಕು. ಎದುರಾಳಿಗಳು ಮೂವರು ಹೆಡ್ಲಿಯ ಮೈಮೇಲೆ ಬಿದ್ದು, ಒಬ್ಬ ಕಾಲು, ಒಬ್ಬ ಸೊಂಟ, ಒಬ್ಬ ತಲೆ ಹಿಡಿದುಕೊಂಡಿರುವಾಗ, ಆ ಗುಡ್ಡೆಯ ಒಳಗಿನಿಂದ ಒಂದು ಕೈ ಹೊರಗೆ ಬರುತ್ತಿತ್ತು. ಆ ಕೈಯಲ್ಲಿ ಚೆಂಡು ಇರುತ್ತಿತ್ತು. ಪಕ್ಕದಲ್ಲಿ ಓಡಿ ಬರುತ್ತಿದ್ದವನು ಅದನ್ನು ಎತ್ತಿಕೊಂಡು ಎದುರಾಳಿಯ ಗೆರೆಯಾಚೆ ನೆಲಕ್ಕೆ ಒತ್ತಿದರೆ ಅದು ಟ್ರೈ. ಹೀಗೆ ಅವನ ಕೈಯಿಂದ ಚೆಂಡು ತಗೊಂಡು ಟ್ರೈ ಹಾಕಿ ದೊಡ್ಡವರಾದವರು ಬಹಳ ಮಂದಿ. ನಾನೂ ಅವರಲ್ಲೊಬ್ಬ. ಜನ ನನ್ನ ಹೆಸರಿನಲ್ಲಿ ಹಾಡು ಕಟ್ಟಿದ್ದರು. ಹೆಡ್ಲಿ ಮಾತ್ರ ಅಷ್ಟು ವರ್ಷದಲ್ಲಿ ಒಂದೇ ಒಂದು ಟ್ರೈ ಹಾಕಲಿಲ್ಲ.

ಪತ್ರಿಕೆಯವರು ಇದನ್ನು ನಿಸ್ವಾರ್ಥ ಎಂದು ಬರೆದರು. ಗೆರೆ ಇನ್ನು ಒಂದು ಮಾರು ಇದೆ ಎನ್ನುವಾಗಲೂ ಅವನು ಅತ್ತಿತ್ತ ನೋಡಿ ಯಾರಿಗಾದರೂ ಕೊಟ್ಟುಬಿಡುತ್ತಿದ್ದ. ನಾವು ಬೈದೆವು, ತಮಾಷೆ ಮಾಡಿದೆವು. ಅವನು ಮೂಗು ಸವರಿಕೊಳ್ಳುತ್ತಿದ್ದ, ಅಷ್ಟೇ.

ಇದರಿಂದ ಅನ್ಯಾಯವಾಗಿದ್ದು ಅವನ ತಾಯಿಗೆ. ಫ್ಲೋರಿಯಮ್ಮ ಎಂದರೆ ಸ್ಕೆಲ್ಬಿಯಲ್ಲಿ ಗೊತ್ತಿಲ್ಲದವರಿಲ್ಲ. ಐದಡಿಯ ಹೆಂಗಸು, ಗಂಡ ಹೋಗಿ ಬಹಳ ಕಾಲವಾಗಿತ್ತು, ನಾಲಿಗೆ ನನ್ನದಕ್ಕಿಂತ ಚುರುಕು. ಮಗ ಕ್ಲಬ್ಬಿಗೆ ಸೇರಿ ಮೊದಲ ಪಂದ್ಯ ಆಡಿದ ದಿನ ಅವಳು ತನ್ನ ಅಪ್ಪನ ಕಾಲದ ಹಿತ್ತಾಳೆ ಗಂಟೆ ತಂದಿದ್ದಳು. ಆ ಅಪ್ಪ ತಲೆಯ ಮೇಲೆ ಬುಟ್ಟಿ ಹೊತ್ತು ಬೀದಿಬೀದಿ ಬನ್ನು ಮಾರುವಾಗ ಬಾರಿಸುತ್ತಿದ್ದ ಕೈಗಂಟೆ ಅದು. ಹೆಡ್ಲಿ ಮೈದಾನಕ್ಕೆ ಕಾಲಿಟ್ಟಾಗ ಬಾರಿಸಿದಳು, ಚೆಂಡು ಮುಟ್ಟಿದಾಗ ಬಾರಿಸಿದಳು, ಬಿದ್ದಾಗ ಬಾರಿಸಿದಳು, ಎದ್ದಾಗಲೂ ಬಾರಿಸಿದಳು.

ಆ ದಿನ ಎದುರಿಗಿದ್ದವರು ಹೆಮ್‌ಥಾರ್ಪ್‌ನವರು. ನಮಗೂ ಅವರಿಗೂ ನಡುವೆ ಒಂದು ಕಾಲುವೆ, ಅದರಲ್ಲಿನ ನೀರಿಗಿಂತ ಹೆಚ್ಚು ಹಳೆಯ ಜಗಳ. ಅವರ ಪ್ರಾಪ್ ಗಾರ್ಬಟ್ ಎಂಬವನು, ಹೆಡ್ಲಿಯಷ್ಟೇ ವಯಸ್ಸು, ಹೆಡ್ಲಿಯಷ್ಟೇ ಗಾತ್ರ, ಬಾಯಿ ಮಾತ್ರ ನನ್ನ ಜಾತಿಯದು. ಸ್ಕ್ರಮ್‌ನಲ್ಲಿ ನಮ್ಮ ಮೂವರ ತಲೆ ಒಂದೇ ಕಡೆ ಸಿಕ್ಕಿಕೊಂಡಿದ್ದಾಗ ಅವನು ಕೇಳಿದ.

"ಯಾರೋ ಅದು, ಮ್ಯಾಚಿಗೆ ಬನ್ನು ಮಾರೋಕೆ ಬಂದಿರೋ ಅಮ್ಮ?"

"ಗೊತ್ತಿಲ್ಲ" ಎಂದ ಹೆಡ್ಲಿ.

ನನ್ನ ಕಿವಿ ಅವನ ಬಾಯಿಯ ಪಕ್ಕದಲ್ಲೇ ಇತ್ತು. ಇಪ್ಪತ್ತು ವರ್ಷದ ಹುಡುಗ, ಮೊದಲ ಪಂದ್ಯ, ನಾಚಿಕೆ ಆಗಿರಬೇಕು ಎಂದುಕೊಂಡು ಮರೆತುಬಿಟ್ಟೆ.

ಮುಂದಿನ ಪಂದ್ಯಕ್ಕೆ ಫ್ಲೋರಿಯಮ್ಮ ಬಂದಾಗ ಗಂಟೆ ಗಂಡನ ದಪ್ಪ ಉಣ್ಣೆಯ ಕಾಲುಚೀಲದೊಳಗಿತ್ತು. ಚೀಲದ ಬಾಯನ್ನು ಕೆಂಪು ದಾರದಲ್ಲಿ ಹೊಲಿದಿದ್ದಳು. ಇನ್ನು ಮೇಲೆ ಸುಮ್ಮನೆ ಬಾರಿಸುವುದಿಲ್ಲ, ಹೆಡ್ಲಿ ಟ್ರೈ ಹಾಕಿದ ದಿನ ದಾರ ಕತ್ತರಿಸಿ ಬಾರಿಸುತ್ತೇನೆ ಎಂದು ತಗಡಿನ ಸೂರಿನ ಕಟ್ಟೆಯಲ್ಲಿ ಕೂತಿದ್ದವರಿಗೆಲ್ಲ ಸಾರಿದಳು. ಅಲ್ಲಿಂದ ಮುಂದೆ ಪ್ರತಿ ಪಂದ್ಯಕ್ಕೂ ಅವಳ ಕೈಚೀಲದಲ್ಲಿ ಒಂದು ಫ್ಲಾಸ್ಕ್ ಚಹ, ಒಂದು ಹಂದಿಮಾಂಸದ ಪೈ, ಒಂದು ಪುಟ್ಟ ಕತ್ತರಿ, ಮತ್ತು ಆ ಕಾಲುಚೀಲ. ಹೆಡ್ಲಿ ಗೆರೆಯ ಹತ್ತಿರ ಹೋದಾಗಲೆಲ್ಲ ಅವಳು ಕತ್ತರಿ ಹೊರತೆಗೆಯುತ್ತಿದ್ದಳು. ಅವನು ಚೆಂಡನ್ನು ಯಾರಿಗೋ ಕೊಡುತ್ತಿದ್ದ. ಅವಳು ಕತ್ತರಿಯನ್ನು ಒಳಗಿಡುತ್ತಿದ್ದಳು.

ಜನರಿಗೆ ಇದೊಂದು ಮೋಜಾಯಿತು. ಬೇರೆ ಊರಿನವರು ಬಂದರೆ ಮೊದಲು ಕೇಳುವುದೇ ಗಂಟೆಗೆ ತುಕ್ಕು ಹಿಡಿಯಿತೇ ಎಂದು. ಹಿತ್ತಾಳೆಗೆ ತುಕ್ಕು ಹಿಡಿಯುವುದಿಲ್ಲ, ಹೆಮ್‌ಥಾರ್ಪ್‌ನವರ ತಲೆಗೆ ಹಿಡಿಯುತ್ತದೆ ಎಂದು ಅವಳು ಉತ್ತರ ಕೊಡುತ್ತಿದ್ದಳು. ಅವಳು ನಗುತ್ತಲೇ ಹೇಳುತ್ತಿದ್ದಳು. ಆದರೆ ಪಂದ್ಯ ಮುಗಿದ ಮೇಲೆ ಆ ಕಾಲುಚೀಲವನ್ನು ಒಮ್ಮೆ ಸವರಿ, ಮೆಲ್ಲಗೆ ಕೈಚೀಲದೊಳಗೆ ಇಡುತ್ತಿದ್ದಳು.

ಹದಿನಾಲ್ಕನೆಯ ವರ್ಷ ಹೆಡ್ಲಿಯ ಮಂಡಿ ಸಾಕು ಎಂದಿತು. ಊರಿನಲ್ಲಿ ಕೊನೆಯ ಪಂದ್ಯ, ಎದುರಿಗೆ ಹೆಮ್‌ಥಾರ್ಪ್. ಅಂಕಪಟ್ಟಿಯಲ್ಲಿ ನಾವೂ ಅವರೂ ಏಳಲಾರದೆ ಬೀಳಲಾರದೆ ನಡುವೆ ಇದ್ದೆವು, ಹಾಗಾಗಿ ಆ ಪಂದ್ಯದ ಮೇಲೆ ನಿಂತಿದ್ದುದು ಒಂದೇ: ಗಂಟೆ. ಬೇಕರಿಯವನು ಕೇಳಿದ, ಪಾದ್ರಿ ಕೇಳಿದ, ನನ್ನ ಅಂಗಡಿಗೆ ಪ್ಯಾಂಟಿನ ಅಳತೆ ಕೊಡಲು ಬಂದವರೆಲ್ಲ ಕೇಳಿದರು. ನಾವು ಆಟಗಾರರು ಗುಟ್ಟಾಗಿ ಮಾತಾಡಿಕೊಂಡೆವು. ಆ ದಿನ ಹೇಗಾದರೂ ಮಾಡಿ ಹೆಡ್ಲಿಯ ಕೈಗೆ ಚೆಂಡು ಕೊಟ್ಟು ಗೆರೆಯಾಚೆಗೆ ನೂಕುವುದು, ಅವನು ಪಕ್ಕಕ್ಕೆ ತಿರುಗಿದರೆ ಅಲ್ಲಿ ಯಾರೂ ಇರಬಾರದು.

ಗುರುವಾರ ಅಭ್ಯಾಸ ಮುಗಿದ ಮೇಲೆ ಹೆಡ್ಲಿ ನನ್ನನ್ನು ಸ್ಕ್ರಮ್ ಯಂತ್ರದ ಹತ್ತಿರ ಕರೆದ. ಮೆತ್ತೆ ಕಟ್ಟಿದ ಕಬ್ಬಿಣದ ದೊಡ್ಡ ಬಂಡಿ ಅದು, ಅದನ್ನು ದೂಡಿ ದೂಡಿಯೇ ನಮ್ಮ ಯೌವನ ಕಳೆದಿತ್ತು. ಅವನ ಮುಖ ಬಿಳಿಚಿಕೊಂಡಿತ್ತು.

"ಸಿಡ್, ಆ ಗಂಟೆಗೆ ನಾಲಿಗೆ ಇಲ್ಲ ಕಣೋ" ಎಂದ.

ನನಗೆ ಅರ್ಥವಾಗಲಿಲ್ಲ. ಅವನು ನೆಲ ನೋಡುತ್ತ ಎಲ್ಲ ಹೇಳಿದ. ಆ ಮೊದಲ ಪಂದ್ಯದ ರಾತ್ರಿ, ಗಾರ್ಬಟ್‌ನ ಮಾತು ಕಿವಿಯಲ್ಲಿ ಕೊರೆಯುತ್ತಿರುವಾಗ, ಇಕ್ಕಳ ತೆಗೆದುಕೊಂಡು ಗಂಟೆಯ ನಾಲಿಗೆ ಕಿತ್ತು ಕಾಲುವೆಗೆ ಎಸೆದಿದ್ದ. ಬೆಳಗ್ಗೆ ಅಮ್ಮ ಬೈಯುತ್ತಾಳೆ ಎಂದು ಕಾದ. ಅವಳು ಬೈಯಲಿಲ್ಲ, ಗಂಟೆಯನ್ನು ಕಾಲುಚೀಲಕ್ಕೆ ಹಾಕಿ ಹೊಲಿದು, ಟ್ರೈ ಹಾಕಿದ ದಿನ ಬಾರಿಸುತ್ತೇನೆ ಎಂದಳು. ಒಳಗೆ ನೋಡದೆಯೇ ಹೊಲಿದಿದ್ದಾಳೆ, ಬಚಾವಾದೆ ಎಂದುಕೊಂಡ. ಆಮೇಲೆ ತಿಳಿಯಿತು ಬಚಾವಾಗಿಲ್ಲ ಎಂದು. ಟ್ರೈ ಹಾಕಿದ ದಿನ ದಾರ ಕತ್ತರಿಸುತ್ತಾಳೆ, ಗಂಟೆ ಎತ್ತುತ್ತಾಳೆ, ಸದ್ದು ಬರುವುದಿಲ್ಲ.

ನನಗೆ ತಲೆ ಗಿರ್ ಎಂದಿತು. ನಮ್ಮ ತಂಡವನ್ನು ಅಷ್ಟು ವರ್ಷ ಸಾಕಿದ ಆ ಕೈ, ಪತ್ರಿಕೆಯವರು ಕಾಲಂ ತುಂಬ ಹೊಗಳಿದ ಆ ನಿಸ್ವಾರ್ಥ, ಎಲ್ಲ ಒಂದು ಹಿತ್ತಾಳೆ ತುಂಡಿನ ಭಯ. ಆರಡಿ ಮೂರಂಗುಲದ ಗಂಡಸು ಐದಡಿಯ ತಾಯಿಗೆ ಇಷ್ಟು ಹೆದರುವುದೇ ಎಂದು ಬೈದೆ. ಮೊದಲೇ ಹೇಳಬಾರದಿತ್ತೇ ಎಂದೆ.

"ಮೊದಲನೇ ವಾರ ಧೈರ್ಯ ಇರ್ಲಿಲ್ಲ. ಆಮೇಲೆ ಮುಖ ಇರ್ಲಿಲ್ಲ" ಎಂದ.

ಬೈದು ಮುಗಿಸಿದ ಮೇಲೆ ಉಪಾಯ ಯೋಚಿಸಿದೆವು. ನಾನು ದರ್ಜಿ, ಕೆಂಪು ದಾರದ ಹೊಲಿಗೆ ಬಿಚ್ಚಿ ಮತ್ತೆ ಹಾಗೇ ಹಾಕುವುದು ನನಗೆ ಎಡಗೈ ಕೆಲಸ. ಬೇಕಾದದ್ದು ಒಂದು ನಾಲಿಗೆ. ಹೆಡ್ಲಿ ಸುತ್ತ ನೋಡಿ, ಸ್ಕ್ರಮ್ ಯಂತ್ರದ ಒಂದು ದಪ್ಪ ಬೋಲ್ಟನ್ನು ಬರಿಬೆರಳಲ್ಲಿ ತಿರುವಿ ಬಿಚ್ಚಿ ನನ್ನ ಜೇಬಿಗೆ ಹಾಕಿದ. ಯಂತ್ರಕ್ಕೆ ಏನಾಗುತ್ತದೋ ಎಂದೆ. ಅದಕ್ಕೆ ಇನ್ನೂ ಹನ್ನೊಂದು ಇವೆ ಎಂದ.

ಶನಿವಾರ ಸಂಜೆ ಫ್ಲೋರಿಯಮ್ಮನ ಮನೆಗೆ ಚಹಕ್ಕೆ ಹೋದೆವು. ಬೇಯಿಸಿದ ಹ್ಯಾಮ್, ಡಬ್ಬಿಯ ಪೀಚ್ ಹಣ್ಣು, ಅವಳ ಕೈಯ ಶುಂಠಿ ಕೇಕು. ಕಾಲುಚೀಲ ಇರುತ್ತಿದ್ದುದು ನಡುಮನೆಯ ಕಪಾಟಿನ ನಾಲ್ಕನೆಯ ಡ್ರಾಯರಿನಲ್ಲಿ. ಮೇಲಿನ ಮೂರಕ್ಕೆ ಗುಂಡನೆಯ ಹಿತ್ತಾಳೆ ಹಿಡಿಗಳಿದ್ದವು, ಅವಳ ಗಂಡನೇ ಕಡೆಸಿ ಹಾಕಿದ್ದು. ನಾಲ್ಕನೆಯದಕ್ಕೆ ಹಿಡಿ ಇರಲಿಲ್ಲ. ಅವಳು ತಲೆಪಿನ್ನು ಸಿಕ್ಕಿಸಿ ನಾಜೂಕಾಗಿ ತೆಗೆಯುತ್ತಿದ್ದಳು, ಬೇರೆಯವರಿಗೆ ಅದು ಬಗ್ಗುತ್ತಿರಲಿಲ್ಲ.

ಅವಳು ಕೆಟಲ್ ಇಡಲು ಒಳಗೆ ಹೋದದ್ದೇ ತಡ, ನಾನು ಸೂಜಿಗೆ ದಾರ ಪೋಣಿಸಿದೆ. ಹೆಡ್ಲಿ ಡ್ರಾಯರಿನ ಸಂದಿಗೆ ಫೋರ್ಕು ತೂರಿಸಿ ಮೆಲ್ಲಗೆ ಮೀಟಿದ. ಬರಲಿಲ್ಲ. ಸ್ವಲ್ಪ ಜೋರಾಗಿ ಎಂದೆ. ಹೆಡ್ಲಿಗೆ ಮೆಲ್ಲಗೆ ಗೊತ್ತು, ಜೋರು ಗೊತ್ತು, ಸ್ವಲ್ಪ ಜೋರು ಗೊತ್ತಿಲ್ಲ. ಡ್ರಾಯರು ಕಿತ್ತುಕೊಂಡು ಬಂದು ಅವನ ಎದೆಗೆ ಬಡಿಯಿತು. ಚಮಚ, ಫೋರ್ಕು, ಕ್ರಿಸ್‌ಮಸ್ಸಿನ ಒಳ್ಳೆಯ ಚಾಕುಗಳು ಎಲ್ಲ ನೆಲದ ಮೇಲೆ ಹರಡಿದವು. ಕಾಲುಚೀಲ ಉರುಳಿ ಬಂದು ಬಾಗಿಲಲ್ಲಿ ನಿಂತಿದ್ದ ಫ್ಲೋರಿಯಮ್ಮನ ಕಾಲ ಬಳಿ ನಿಂತಿತು.

ಅವಳು ಮಗನನ್ನು ನೋಡಿದಳು, ನನ್ನ ಕೈಯ ಸೂಜಿ ನೋಡಿದಳು. ಚಮಚ ಬೇಕಿದ್ದರೆ ಕೇಳಬಹುದಿತ್ತು ಎಂದಳು. ನಾನು ಮಾತು ಮರೆಸಲು, ಈ ಡ್ರಾಯರಿಗೆ ಒಂದು ಹಿಡಿ ಹಾಕಿಸಬಾರದೇ ಫ್ಲೋರಿಯಮ್ಮ ಎಂದೆ. ಇತ್ತು, ಬರುವಾಗ ಬರುತ್ತದೆ ಎಂದು ಕಾಲುಚೀಲವನ್ನು ಎತ್ತಿ ಕೈಚೀಲಕ್ಕೆ ಹಾಕಿಕೊಂಡಳು. ಚಹ ಮುಗಿಯುವವರೆಗೂ ಕೈಚೀಲ ಅವಳ ತೊಡೆಯ ಮೇಲಿಂದ ಇಳಿಯಲಿಲ್ಲ. ಬೋಲ್ಟು ನನ್ನ ಜೇಬಿನಲ್ಲೇ ಉಳಿಯಿತು.

ಭಾನುವಾರ ಬಿಸಿಲು ಬಂದಿತ್ತು. ನಮ್ಮ ಮೈದಾನಕ್ಕೆ ಬಿಸಿಲು ಅಭ್ಯಾಸವಿಲ್ಲ, ಕೆಸರು ಅರ್ಧ ಒಣಗಿ ಅಂಟು ಅಂಟಾಗಿತ್ತು. ತಗಡಿನ ಕಟ್ಟೆ ತುಂಬಿ ಜನ ಗೋಡೆಯ ಮೇಲೆಲ್ಲ ಕೂತಿದ್ದರು. ಹೆಮ್‌ಥಾರ್ಪ್‌ನ ಗಾರ್ಬಟ್‌ಗೂ ಅದು ಕೊನೆಯ ಹಂಗಾಮು, ತಲೆಯಲ್ಲಿ ಕೂದಲಿರಲಿಲ್ಲ, ಬಾಯಿ ಮಾತ್ರ ಹೊಸದರಂತಿತ್ತು. ಮೊದಲ ಸ್ಕ್ರಮ್‌ನಲ್ಲೇ ಕಿವಿಗೆ ಹತ್ತಿ ತಂದಿದ್ದೇನೆ ಎಂದ.

ನಮ್ಮವರು ಮಾತಿನಂತೆ ಚೆಂಡನ್ನೆಲ್ಲ ಹೆಡ್ಲಿಗೇ ಕೊಟ್ಟರು. ಅವನು ಮಾತ್ರ ಬೇರೆಯವರಿಗೆ ಕೊಡುತ್ತಲೇ ಹೋದ. ಪಕ್ಕದಲ್ಲಿ ಯಾರೂ ಇರಬಾರದು ಎಂದುಕೊಂಡಿದ್ದರೂ ಅಭ್ಯಾಸ ಬಿಡುವುದುಂಟೇ, ಅವನ ಕೈ ಹೊರಬಂದ ಕಡೆಗೆ ನಮ್ಮ ಕಾಲು ತಾನಾಗಿ ಓಡುತ್ತಿತ್ತು. ಹೀಗೆ ನಮಗೆ ನಾಲ್ಕು ಟ್ರೈ ಬಂದವು, ಪಂದ್ಯ ನಮ್ಮ ಕೈಗೆ ಬಂತು, ಜನ ಮಾತ್ರ ಒಂದಕ್ಕೂ ಸರಿಯಾಗಿ ಚಪ್ಪಾಳೆ ತಟ್ಟಲಿಲ್ಲ. ಫ್ಲೋರಿಯಮ್ಮನ ಕತ್ತರಿ ನಾಲ್ಕು ಸಲ ಹೊರಗೆ ಬಂದು ನಾಲ್ಕು ಸಲ ಒಳಗೆ ಹೋಯಿತು.

ಕೊನೆಯ ಸ್ಕ್ರಮ್ ಅವರ ಗೆರೆಯ ಹತ್ತಿರ ಆಯಿತು. ನಾನು ಹೆಡ್ಲಿಯ ಕುತ್ತಿಗೆಗೆ ನೇತುಬಿದ್ದು ಅವನ ಹೂಕೋಸು ಕಿವಿಗೆ ಹೇಳಿದೆ.

"ಈ ಸಲ ನೀನೇ ಹೋಗು. ಸದ್ದು ಬರ್ದಿದ್ರೆ ಬರ್ದಿರ್ಲಿ. ಆಯಮ್ಮ ಕತ್ತರಿ ಆದ್ರೂ ಹಾಕ್ಲಿ ಮಾರಾಯ."

"ಆಗಲ್ಲ ಸಿಡ್."

"ನಿಮ್ಮ ಮನೆ ವಿಷಯ ಮನೇಲಿ ಮಾತಾಡ್ಕೊಳ್ರೋ, ಇಲ್ಲಿ ನನ್ನ ಕತ್ತು ಮುರೀತಿದೆ" ಎಂದ ಎದುರಿನಿಂದ ಗಾರ್ಬಟ್.

ಚೆಂಡು ಒಳಗೆ ಬಂತು. ನಾನು ಕಾಲಲ್ಲಿ ಎಳೆದೆ, ಹಿಂದಿನವನು ಎತ್ತಿಕೊಂಡು ಸುತ್ತಿ ಬಂದು ಹೆಡ್ಲಿಗೆ ಕೊಟ್ಟ. ಹೆಡ್ಲಿ ತಲೆ ತಗ್ಗಿಸಿ ನುಗ್ಗಿದ. ಒಬ್ಬ ಬಿದ್ದ, ಇನ್ನೊಬ್ಬ ಬಿದ್ದ, ಗಾರ್ಬಟ್ ಸೊಂಟಕ್ಕೆ ತೆಕ್ಕೆ ಹಾಕಿ ಒಂದಷ್ಟು ದೂರ ಎಳೆಸಿಕೊಂಡು ಬಂದು ಜಾರಿದ. ಮುಂದೆ ಯಾರೂ ಇಲ್ಲ. ಗೆರೆ ಎರಡು ಹೆಜ್ಜೆ ದೂರ. ಕಟ್ಟೆಯ ಜನ ಎದ್ದು ನಿಂತರು. ಆಗ ಆ ಪುಣ್ಯಾತ್ಮ ಪಕ್ಕಕ್ಕೆ ತಿರುಗಿದ. ಕೈ ಹೊರಗೆ ಬಂತು. ಚೆಂಡು ನನ್ನ ಎದೆಗೆ ಬಂದು ಬಿತ್ತು.

ನಾನು ಗೆರೆಯ ಮೇಲೆ ಬೀಳಬೇಕು, ಅಷ್ಟೇ. ಅದು ನನ್ನ ಮೈಗೆ ಗೊತ್ತು. ಆದರೆ ಅಷ್ಟು ವರ್ಷದಲ್ಲಿ ಮೊದಲ ಸಲ ನನಗೆ ಅವನ ಮೇಲೆ ನಿಜವಾದ ಕೋಪ ಬಂತು. ಈ ದಡಿಯ ಭಯಪಟ್ಟಾಗಲೆಲ್ಲ ನನ್ನ ಹೆಸರಲ್ಲಿ ಹಾಡು, ಆ ಹೆಂಗಸಿಗೆ ಮಾತ್ರ ಕಾಲುಚೀಲ. ನಾನು ಗೆರೆಯ ಮುಂದೆ ಗಕ್ಕನೆ ನಿಂತೆ. ನಮ್ಮ ಆಟದಲ್ಲಿ ಹಾಗೆ ಯಾರೂ ನಿಲ್ಲುವುದಿಲ್ಲ. ಹೆಡ್ಲಿ ತನ್ನ ವೇಗ ತಡೆಯಲಾರದೆ ನನ್ನ ಹಿಂದಿನಿಂದ ಬರುತ್ತಿದ್ದ. ತಿರುಗಿ ಚೆಂಡನ್ನು ಅವನ ಹೊಟ್ಟೆಗೆ ಗುದ್ದಿದೆ.

"ನಿನ್ನದು ನೀನೇ ಇಟ್ಕೋ" ಎಂದೆ.

ಅವನು ಚೆಂಡನ್ನು ಅಪ್ಪಿಕೊಂಡ. ಮತ್ತೆ ಅತ್ತಿತ್ತ ನೋಡಿದ, ಕೊಡಲು ಯಾರೂ ಇರಲಿಲ್ಲ. ಅಷ್ಟರಲ್ಲಿ ಹಿಂದಿನಿಂದ ಗಾರ್ಬಟ್ ಎದ್ದು ಬಂದು ಅವನ ಬೆನ್ನಿಗೆ ಬಿದ್ದ. ಇಬ್ಬರೂ ಸೇರಿ, ಚೆಂಡಿನ ಸಮೇತ, ನನ್ನ ಸಮೇತ, ಗೆರೆಯಾಚೆ ದೊಪ್ಪನೆ ಬಿದ್ದರು. ರೆಫ್ರಿ ಶಿಳ್ಳೆ ಊದಿ ಕೈ ತೋರಿಸಿದ.

ಯಾರೂ ಕೂಗಲಿಲ್ಲ. ಸಾವಿರಾರು ಜನ ಒಟ್ಟಿಗೆ ಕತ್ತು ತಿರುಗಿಸಿ ಕಟ್ಟೆಯ ಕಡೆ ನೋಡಿದರು. ಹೆಡ್ಲಿ ಎದ್ದು ನಿಂತ, ಮೈಯೆಲ್ಲ ಕೆಸರು, ತಲೆ ಎದೆಗೆ ತಗಲುವಷ್ಟು ಬಗ್ಗಿತ್ತು. ನಾನು ಅವನ ಪಕ್ಕದಲ್ಲಿ ನಿಂತೆ. ಫ್ಲೋರಿಯಮ್ಮ ಎದ್ದಳು. ಪೈಯನ್ನು ಪಕ್ಕದವರ ಕೈಗೆ ಕೊಟ್ಟಳು. ಕತ್ತರಿ ತೆಗೆದಳು. ಕೆಂಪು ದಾರವನ್ನು ಒಂದೊಂದೇ ಹೊಲಿಗೆಯಾಗಿ, ನಿಧಾನವಾಗಿ ಕತ್ತರಿಸಿದಳು. ಗಂಟೆಯನ್ನು ಹೊರತೆಗೆದು, ಒಳಗೆ ತುರುಕಿದ್ದ ಬಟ್ಟೆ ಕಿತ್ತು, ತಲೆಯ ಮೇಲೆ ಎತ್ತಿ ಹಿಡಿದಳು.

ಗಂಟೆ ಮೊಳಗಿತು.

ಸಣ್ಣ ಸದ್ದಲ್ಲ, ಕಾಲುವೆಯಾಚೆಗೆ ಕೇಳುವಂಥ ಸದ್ದು. ಆಮೇಲೆ ಜನ ಕೂಗಿದ್ದು ಎಷ್ಟೆಂದರೆ ಗಂಟೆ ಕೇಳಿಸಲಿಲ್ಲ, ಅವಳ ಕೈ ಮಾತ್ರ ಆಡುತ್ತಿರುವುದು ಕಾಣುತ್ತಿತ್ತು. ನಾನು ಹೆಡ್ಲಿಯನ್ನು ನೋಡಿದೆ. ಅವನ ಬಾಯಿ ತೆರೆದೇ ಇತ್ತು. ಟ್ರೈ ಆದ ಮೇಲೆ ಕಂಬಗಳ ನಡುವೆ ಒದೆಯುವ ಹೆಚ್ಚಿನ ಕಿಕ್ಕನ್ನೂ ಕ್ಯಾಪ್ಟನ್ ಅವನಿಗೇ ಕೊಟ್ಟ. ಅದು ಕಂಬಗಳಿಗೆ ಸಂಬಂಧವೇ ಇಲ್ಲದಂತೆ ಹಾರಿ ಗೋಡೆಯಾಚೆಯ ಕೋಸಿನ ತೋಟಕ್ಕೆ ಬಿತ್ತು. ಒದೆಯುವಾಗಲೂ ಅವನು ನೋಡುತ್ತಿದ್ದುದು ಕಟ್ಟೆಯ ಕಡೆಗೇ.

ಸ್ನಾನ ಮುಗಿಸಿ ಕ್ಲಬ್ಬಿನ ಬಾರಿಗೆ ಬಂದಾಗ ಫ್ಲೋರಿಯಮ್ಮ ಮೂಲೆಯ ಮೇಜಿನಲ್ಲಿ ಕರಿ ಬಿಯರಿನ ಅರ್ಧ ಲೋಟ ಇಟ್ಟುಕೊಂಡು ಕೂತಿದ್ದಳು. ಗಂಟೆ ಮೇಜಿನ ಮೇಲಿತ್ತು. ಹೆಡ್ಲಿ ಹೋಗಿ ಅವಳ ಎದುರು ಕೂತ. ಅವಳು ಗಂಟೆಯನ್ನು ಮಗುಚಿ ತೋರಿಸಿದಳು. ಒಳಗೆ ತಂತಿಯಲ್ಲಿ ಒಂದು ಗುಂಡನೆಯ ಹಿತ್ತಾಳೆ ಹಿಡಿ ತೂಗುತ್ತಿತ್ತು. ನಾಲ್ಕನೆಯ ಡ್ರಾಯರಿನ ಹಿಡಿ.

"ಯಾವಾಗ ಗೊತ್ತಾಯ್ತಮ್ಮ?" ಎಂದ ಹೆಡ್ಲಿ.

"ಮಾರನೇ ಬೆಳಗ್ಗೇನೇ. ನಾನೇನು ಕುರುಡೀನಾ?"

"ಮತ್ತೆ ಹೇಳ್ಲಿಲ್ಲ ನೀನು."

"ನೀನು ಹೇಳ್ದ್ಯಾ?" ಎಂದಳು. ಲೋಟ ಎತ್ತಿ ಒಂದು ಗುಟುಕು ಕುಡಿದಳು. "ನನ್ನ ಗಂಟೆ ಕೇಳಿ ನಿನಗೆ ನಾಚಿಕೆ ಆಗಿತ್ತು. ಅದಕ್ಕೇ ಹೊಲಿದಿಟ್ಟೆ. ಯಾವತ್ತು ನಾಚಿಕೆ ಬಿಡ್ತಾನೋ ಅವತ್ತು ಗೆರೆ ದಾಟ್ತಾನೆ ಅಂತ ಕಾದೆ. ವರ್ಷ ವರ್ಷ ನೀನು ದಾಟ್ಲಿಲ್ಲ. ಇನ್ನೂ ಬಿಟ್ಟಿಲ್ಲ ಅಂದ್ಕೊಂಡೆ."

ಹೆಡ್ಲಿ ಕೈ ಚಾಚಿ, ಆ ಹೆಸರಾಂತ ಕೈ, ಗಂಟೆಯೊಳಗಿನ ಹಿಡಿಯನ್ನು ಬೆರಳಿನಿಂದ ಮುಟ್ಟಿದ.

"ನಾಚಿಕೆ ಆ ಒಂದು ದಿನದ್ದಮ್ಮ. ಆಮೇಲೆ ಇದ್ದದ್ದು ಹೆದ್ರಿಕೆ. ನೀನು ಬೈತೀಯ ಅಂತಲ್ಲ. ಅಷ್ಟು ಜನದ ಮುಂದೆ ನೀನು ಸದ್ದಿಲ್ಲದ ಗಂಟೆ ಅಲ್ಲಾಡಿಸ್ತಾ ನಿಂತಿರ್ತೀಯ, ಜನ ನಿನ್ನ ನೋಡಿ ನಗ್ತಾರೆ ಅಂತ."

ನಾನು ಗುರುವಾರ ಅವನನ್ನು ಎಷ್ಟು ಬೈದಿದ್ದೆ. ಇದನ್ನು ಅವನು ಆಗ ಹೇಳಿರಲಿಲ್ಲ. ಫ್ಲೋರಿಯಮ್ಮ ಮಗನ ಸೊಟ್ಟ ಮೂಗನ್ನು ನೋಡಿದಳು. ದಡ್ಡ ಎಂದಳು. ಕೈ ಚಾಚಿ ಅವನ ಕಿವಿ ಹಿಂಡಲು ಹೋದಳು, ಹೂಕೋಸಾದ ಕಿವಿ ಹಿಡಿತಕ್ಕೆ ಸಿಗದೆ ಕೆನ್ನೆ ಸವರಿದಳು. ನಾನು ಬಿಯರಿನ ಲೋಟದೊಳಕ್ಕೆ ನೋಡತೊಡಗಿದೆ.

ಆಗ ಗಾರ್ಬಟ್ ಬಂದು ಕುರ್ಚಿ ಎಳೆದುಕೊಂಡ. ವಿಷಯವೆಲ್ಲ ಕೇಳಿ ತಲೆಯ ಮೇಲೆ ಕೈ ಹೊತ್ತು ಕ್ಷಮೆ ಕೇಳಿದ, ಫ್ಲೋರಿಯಮ್ಮನನ್ನಲ್ಲ, ತನ್ನ ಊರನ್ನು. ತಾನು ಅಂದ ಒಂದು ಮಾತಿನಿಂದ ಈ ದಡಿಯ ಚೆಂಡು ಕೊಡಲು ಕಲಿತು, ಹೆಮ್‌ಥಾರ್ಪ್ ಅಷ್ಟು ವರ್ಷ ಸೋತಿತು, ಇದು ಊರಿಗೆ ಗೊತ್ತಾದರೆ ತನ್ನನ್ನು ಕಾಲುವೆಗೆ ಹಾಕುತ್ತಾರೆ ಎಂದ. ಅಲ್ಲಿ ಗಂಟೆಯ ನಾಲಿಗೆ ಇದೆ, ಹುಡುಕಿ ತಾ ಎಂದಳು ಫ್ಲೋರಿಯಮ್ಮ.

ನಾನು ಜೇಬಿನ ಬೋಲ್ಟು ತೆಗೆದು ಮೇಜಿನ ಮೇಲಿಟ್ಟೆ. ಅವಳು ಅದನ್ನು ತಿರುಗಿಸಿ ನೋಡಿ, ಡ್ರಾಯರಿಗೆ ಸರಿಹೋಗುತ್ತದೆ ಎಂದು ಕೈಚೀಲಕ್ಕೆ ಹಾಕಿಕೊಂಡಳು. ಈಗಲೂ ಆ ಡ್ರಾಯರಿಗೆ ಅದೇ ಹಿಡಿ. ಜುಲೈನಲ್ಲಿ ಹೊಸ ಹಂಗಾಮಿನ ಮೊದಲ ಅಭ್ಯಾಸದ ದಿನ ಸ್ಕ್ರಮ್ ಯಂತ್ರ ಆರು ಜನರನ್ನು ಕೆಡವಿಕೊಂಡು ಕುಸಿಯಿತು. ಹಳೆಯ ಕಬ್ಬಿಣ, ಆಗುತ್ತದೆ ಎಂದು ನಾನೂ ಎಲ್ಲರ ಜೊತೆ ತಲೆ ಆಡಿಸಿದೆ.

ಪಂದ್ಯದ ಆ ಸಂಜೆ ಹೆಡ್ಲಿ, ಫ್ಲೋರಿಯಮ್ಮ, ನಾನು ಮೂವರೂ ಬಸ್ಸಿನಲ್ಲಿ ಮನೆಗೆ ಹೊರಟೆವು. ಫ್ಲೋರಿಯಮ್ಮ ಗಂಟೆಯನ್ನು ಕಾಲುಚೀಲಕ್ಕೆ ಹಾಕಲಿಲ್ಲ. ಬಸ್ಸು ಹೊರಟ ಕೂಡಲೇ ಒಂದು ಸಲ ಬಾರಿಸಿದಳು. ಕಂಡಕ್ಟರನ ಗಂಟೆ ಎಂದುಕೊಂಡು ಡ್ರೈವರು ಬ್ರೇಕು ಹಾಕಿದ. ಮತ್ತೆ ಹೊರಟಿತು, ಮತ್ತೆ ಬಾರಿಸಿದಳು, ಮತ್ತೆ ನಿಂತಿತು. ಬೇಕರಿಯ ಮುಂದೆ ನಿಂತೆವು, ಚರ್ಚಿನ ಮುಂದೆ ನಿಂತೆವು, ಕಾಲುವೆಯ ಸೇತುವೆಯ ಬಳಿಯೂ ನಿಂತೆವು. ಬಸ್ಸಿನ ತುಂಬ ನಗು. ಕಂಡಕ್ಟರು ಹೊಸಬ, ಹೆಮ್‌ಥಾರ್ಪ್‌ನವನಿರಬೇಕು, ಸಿಟ್ಟಿನಿಂದ ಮೆಟ್ಟಿಲ ಬಳಿ ನಿಂತು, ಯಾರು ಆಯಮ್ಮ, ಯಾರ ಜೊತೆ ಬಂದಿದ್ದಾರೆ ಎಂದು ಕೇಳಿದ.

ಹೆಡ್ಲಿ ಎದ್ದು ನಿಂತ. ತಲೆ ಬಸ್ಸಿನ ಸೂರಿಗೆ ತಗಲಿತು.

"ನಮ್ಮಮ್ಮ ಕಣಪ್ಪ" ಎಂದ. "ಬಾರಿಸ್ಲಿ ಬಿಡು."